ಹಾಡುವುದೂ ಅಭಿನಯವೇ: ಹೊನ್ನಪ್ಪ ಭಾಗವತರ ಪರವಾಗಿ ಒಂದು ತಕರಾರು

ಸಿ. ಹೊನ್ನಪ್ಪ ಭಾಗವತರ ಹೆಸರೆತ್ತಿದರೆ ಹಳೆಯ ಸಿನಿಮಾ ಬಲ್ಲವರ ಬಾಯಲ್ಲಿ ಮೂರು ಮಾತು ತಪ್ಪದೆ ಬರುತ್ತವೆ. ಕಂಠ ಅದ್ಭುತ, ನಟನೆ ಅಷ್ಟಕ್ಕಷ್ಟೆ. ತಮಿಳಿನಲ್ಲಿ ಹೆಸರು ಮಾಡಿದ್ದು ತ್ಯಾಗರಾಜ ಭಾಗವತರು ಜೈಲಿಗೆ ಹೋದದ್ದರಿಂದ. ಕನ್ನಡದಲ್ಲಿ ಮೂಲೆಗೆ ಸರಿದದ್ದು ರಾಜ್‌ಕುಮಾರ್ ಬಂದದ್ದರಿಂದ. ಹೇಳುವವರಿಗೆ ದ್ವೇಷವೇನಿಲ್ಲ. ಗೌರವದಿಂದಲೇ ಹೇಳುತ್ತಾರೆ, ಹೇಳಿ ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಈ ಮೂರು ಮಾತೂ ತಪ್ಪೆಂದು ನಾನು ತಿಳಿದಿದ್ದೇನೆ. ಎರಡನೆಯದು ಇಸವಿಗಳ ಲೆಕ್ಕದಲ್ಲೇ ನಿಲ್ಲುವುದಿಲ್ಲ. ಮೂರನೆಯದರಲ್ಲಿ ಅರ್ಧ ಸತ್ಯವಿದೆ. ಮೊದಲನೆಯದು ಮಾತ್ರ ಬೇರು ಆಳಕ್ಕೆ ಇಳಿದಿರುವ ಅಭಿಪ್ರಾಯ. ಅದನ್ನು ಕೀಳಬೇಕಾದರೆ ಅಭಿನಯ ಎಂದರೆ ಏನೆಂದು ನಾವು ಒಪ್ಪಿಕೊಂಡಿದ್ದೇವೋ ಅದನ್ನೇ ಕೆದಕಬೇಕಾಗುತ್ತದೆ.

ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಎಂ.ಕೆ. ತ್ಯಾಗರಾಜ ಭಾಗವತರು ದಕ್ಷಿಣ ಭಾರತ ಕಂಡ ಮೊದಲ ಹಾಡುವ ಆರಾಧ್ಯದೈವ. ಅವರ ಹಾಗೆ ಹುಡುಗರು ಕತ್ತಿನವರೆಗೆ ಕೂದಲು ಬಿಟ್ಟರು, ಆ ಕೂದಲಿಗೆ ‘ಭಾಗವತರ್ ಕ್ರಾಪು’ ಎಂಬ ಹೆಸರೇ ಬಿತ್ತು. 1944ರ ‘ಹರಿದಾಸ್’ ಮದ್ರಾಸಿನ ಬ್ರಾಡ್‌ವೇ ಟಾಕೀಸಿನಲ್ಲಿ ಮೂರು ದೀಪಾವಳಿ ಕಂಡಿತು. ಅದೇ ವರ್ಷದ ಕೊನೆಗೆ ಲಕ್ಷ್ಮೀಕಾಂತನ್ ಕೊಲೆ ಮೊಕದ್ದಮೆಯಲ್ಲಿ ಅವರ ಬಂಧನವಾಯಿತು, ಬಿಡುಗಡೆಯಾದದ್ದು 1947ರಲ್ಲಿ. ಈ ನಡುವೆ ಅವರಿಗೆಂದು ಯೋಜಿಸಿದ್ದ ಚಿತ್ರಗಳು ಬೇರೆಯವರ ಕೈಗೆ ಹೋದವು. ಜ್ಯೂಪಿಟರ್ ಸಂಸ್ಥೆಯ ‘ಶ್ರೀ ಮುರುಗನ್’ ಹಾಗೆ ಹೊನ್ನಪ್ಪನವರಿಗೆ ಬಂತು, 1946ರಲ್ಲಿ ತೆರೆ ಕಂಡಿತು. ಇಷ್ಟು ನಿಜ. ಆದರೆ ಸೇಲಂನ ಮಾಡರ್ನ್ ಥಿಯೇಟರ್ಸ್ ‘ಅರುಂಧತಿ’ಯಲ್ಲಿ ಹೊನ್ನಪ್ಪನವರನ್ನು ನಾಯಕನನ್ನಾಗಿ ನಿಲ್ಲಿಸಿದ್ದು 1943ರಲ್ಲಿ. ಆಗ ತ್ಯಾಗರಾಜ ಭಾಗವತರು ಜೈಲಿನಲ್ಲಿರಲಿಲ್ಲ, ಕೀರ್ತಿಯ ನೆತ್ತಿಯಲ್ಲಿದ್ದರು. ಅದಕ್ಕೂ ಮೊದಲು, 1941ರಲ್ಲಿ, ಪಿ. ಪುಲ್ಲಯ್ಯನವರ ಕನ್ನಡ ‘ಸುಭದ್ರಾ’ ಬಂದಿತ್ತು. ಖಾಲಿ ಕುರ್ಚಿ ಸಿಕ್ಕಿದ್ದರಿಂದ ಕೂತವರಲ್ಲ ಅವರು. ಕುರ್ಚಿ ಖಾಲಿಯಾಗುವ ಮೊದಲೇ ಅಂಗಳದಲ್ಲಿದ್ದವರು.

‘ಶ್ರೀ ಮುರುಗನ್’ ಬಗ್ಗೆ ಇನ್ನೊಂದು ಮಾತು. ಆ ಚಿತ್ರವನ್ನು ಇವತ್ತು ನೆನೆಯುವವರು ಹೆಚ್ಚಾಗಿ ನೆನೆಯುವುದು ಅದರಲ್ಲಿ ಶಿವನಾಗಿ ತಾಂಡವ ಆಡಿದ ಎಂ.ಜಿ. ರಾಮಚಂದ್ರನ್ ಅವರನ್ನು. ಮುರುಗನಾಗಿದ್ದ ನಾಯಕನನ್ನು ಬಿಟ್ಟು ಪಕ್ಕದಲ್ಲಿದ್ದವರನ್ನು ನೆನೆಯುವುದಕ್ಕೆ ಕಾರಣ ಆಮೇಲಿನ ಚರಿತ್ರೆ, ಆ ಚಿತ್ರದೊಳಗಿನ ಕೆಲಸವಲ್ಲ. ಮುಂದೆ ಯಾರು ಏನಾದರು ಎಂಬುದರ ಮೇಲೆ ಹಿಂದಿನದನ್ನು ತೂಗುವ ಈ ಚಾಳಿ ಹೊನ್ನಪ್ಪನವರ ವಿಷಯದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ನೆಲಮಂಗಲದ ಕಡೆಯ ಚೌಡಸಂದ್ರದಲ್ಲಿ 1915ರಲ್ಲಿ ಹುಟ್ಟಿ, ಎಳವೆಯಲ್ಲೇ ಸಂಗೀತ ಕಲಿತು, ನಾಟಕ ಕಂಪನಿಯಲ್ಲಿ ಬೆಳೆದ ಕನ್ನಡದ ಹುಡುಗ ತಮಿಳು ಚಿತ್ರಕ್ಕೆ ಯಾಕೆ ಹೋದ ಎಂದು ಕೇಳುವವರು ಆ ಕಾಲದ ಕನ್ನಡ ಚಿತ್ರಗಳ ಪಟ್ಟಿಯನ್ನೊಮ್ಮೆ ನೋಡಬೇಕು. 1934ರಲ್ಲಿ ‘ಸತಿ ಸುಲೋಚನಾ’ ಕೊಲ್ಹಾಪುರದಲ್ಲಿ ತಯಾರಾಯಿತು. ಆಮೇಲಿನ ಹದಿನೈದು ವರ್ಷ ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರ, ಕೆಲವು ವರ್ಷ ಒಂದೂ ಇಲ್ಲ. ಚಿತ್ರೀಕರಣಕ್ಕೆ ಮದ್ರಾಸು, ಸೇಲಂ, ಕೊಯಮತ್ತೂರು, ಇಲ್ಲವೇ ಮಹಾರಾಷ್ಟ್ರ. ಇಂಥದ್ದರಲ್ಲಿ ಸಿನಿಮಾವನ್ನೇ ನೆಚ್ಚಿ ಬದುಕಬೇಕೆಂದರೆ ತಮಿಳಿನ ಬಾಗಿಲು ತಟ್ಟದೆ ದಾರಿಯಿರಲಿಲ್ಲ. ಕೋಲಾರದ ಬಳಿಯ ನರಸಾಪುರದಂಥ ಊರಿನವರಿಗೆ ಇದು ವಿವರಿಸಿ ಹೇಳಬೇಕಾದ ಸಂಗತಿಯೇ ಅಲ್ಲ. ಒಂದು ಕಡೆ ಕೆಜಿಎಫ್ ಗಣಿ ಕಾಲೊನಿಗಳ ತಮಿಳು, ಮುಳಬಾಗಿಲು ಶ್ರೀನಿವಾಸಪುರದ ದಿಕ್ಕಿನಿಂದ ತೆಲುಗು, ನಡುವೆ ನಮ್ಮ ಕನ್ನಡ. ಭಾಷೆ ದಾಟಿ ಪದ ಕೇಳುವುದು ಕೋಲಾರ ಸೀಮೆಗೆ ಎಂದೂ ಹೊಸದಲ್ಲ. ಗಡಿ ದಾಟಿ ಹಾಡಿದ ಕಲಾವಿದನನ್ನು ಅರ್ಧ ಹೊರಗಿನವನೆಂದು ನೋಡುವುದು ಒಂದೇ ಭಾಷೆಯ ನಡುಮನೆಯಲ್ಲಿ ಕೂತು ಚರಿತ್ರೆ ಬರೆದವರ ಅಭ್ಯಾಸ.

ಈಗ ಮುಖ್ಯ ಆಪಾದನೆಗೆ ಬರೋಣ. ಹಾಡುತ್ತಿದ್ದರು, ನಟಿಸುತ್ತಿರಲಿಲ್ಲ.

ಈ ಮಾತು ಹುಟ್ಟಿದ್ದು ಹಿನ್ನೆಲೆ ಗಾಯನ ಬಂದ ಮೇಲೆ. ತಮಿಳಿನಲ್ಲಿ ಎವಿಎಂನ ಮೆಯ್ಯಪ್ಪನ್ ಅವರು 1938ರ ‘ನಂದಕುಮಾರ್’ ಚಿತ್ರದಲ್ಲಿ ನಟಿಯೊಬ್ಬರಿಗೆ ಬೇರೆಯವರ ದನಿ ಕೊಡಿಸಿದರು. ಮುಂದಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದೇ ಪದ್ಧತಿ ಗಟ್ಟಿಯಾಯಿತು. ದೇಹ ಒಬ್ಬರದು, ಕಂಠ ಇನ್ನೊಬ್ಬರದು. ದೇಹ ಮಾಡಿದ್ದಕ್ಕೆ ಅಭಿನಯವೆಂದೂ ಕಂಠ ಮಾಡಿದ್ದಕ್ಕೆ ಗಾಯನವೆಂದೂ ಎರಡು ಖಾತೆ ತೆರೆದವು. ಪ್ರಶಸ್ತಿಗಳೂ ಎರಡಾದವು, ಪತ್ರಿಕೆಗಳ ವಿಮರ್ಶೆಯೂ ಎರಡು ಪ್ಯಾರಾ ಆಯಿತು. ಈ ಎರಡು ಖಾತೆಯ ಲೆಕ್ಕವನ್ನು ಹಿಂದಕ್ಕೆ ಒಯ್ದು, ಎರಡನ್ನೂ ಒಂದೇ ಉಸಿರಿನಲ್ಲಿ ಮಾಡುತ್ತಿದ್ದವರ ಮೇಲೆ ಹೇರಿದೆವು. ಹಾಡಿನಲ್ಲಿ ಹೊನ್ನಪ್ಪನವರು ಮಾಡಿದ್ದೆಲ್ಲ ಗಾಯನದ ಖಾತೆಗೆ ಜಮೆಯಾಯಿತು. ಮಾತು, ಕೈಬೀಸು, ನಡಿಗೆ ಮಾತ್ರ ಅಭಿನಯದ ಖಾತೆಯಲ್ಲಿ ಉಳಿಯಿತು. ಅಲ್ಲಿ ಬಾಕಿ ಕಡಿಮೆ ಕಂಡದ್ದರಲ್ಲಿ ಆಶ್ಚರ್ಯವೇನಿದೆ? ಅವರ ಪಾತ್ರದ ಸುಖದುಃಖವೆಲ್ಲ ಹಾಡಿನೊಳಗೇ ನಡೆಯುತ್ತಿತ್ತು.

ಹಾಡಿನೊಳಗೆ ನಟನೆ ನಡೆಯುತ್ತದೆ ಎಂಬುದನ್ನು ಪುಸ್ತಕ ಓದಿ ಒಪ್ಪಬೇಕಾಗಿಲ್ಲ. ನರಸಾಪುರದ ಸುತ್ತಮುತ್ತ, ಮಾಲೂರು, ಹೊಸಕೋಟೆ, ಕೋಲಾರದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಇವತ್ತಿಗೂ ‘ಕುರುಕ್ಷೇತ್ರ’ ನಾಟಕ ಆಡುತ್ತಾರೆ. ಬಾಡಿಗೆಗೆ ತಂದ ಸೀನರಿ ಕಟ್ಟಿರುತ್ತಾರೆ, ರಂಗದ ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಡ್ರಾಮಾ ಮೇಷ್ಟ್ರು ಕೂತಿರುತ್ತಾರೆ. ಪಾತ್ರ ಮಾಡುವವರೇ ಕೈಯಿಂದ ದುಡ್ಡು ಹಾಕುತ್ತಾರೆ. ಕೃಷ್ಣ, ದುರ್ಯೋಧನ, ಕರ್ಣನ ಪಾತ್ರಕ್ಕೆ ಹೆಚ್ಚು. ಬೇಸಾಯದವರು, ಅಂಗಡಿಯವರು, ಈಗೀಗ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳಲ್ಲಿ ಶಿಫ್ಟು ಮಾಡುವವರೂ ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ಮಾಡಿ ರಂಗಕ್ಕೆ ಏರುತ್ತಾರೆ.

ಕುಂತಿ ಕರ್ಣನನ್ನು ಕಾಣಲು ಬರುವ ದೃಶ್ಯ ನೋಡಿ. ಕರ್ಣನ ಪಾತ್ರಧಾರಿ ಪದ್ಯ ಎತ್ತುತ್ತಾನೆ. ಮೊದಲ ಸಲ ಎತ್ತರದ ಶ್ರುತಿಯಲ್ಲಿ, ಕೊನೆಯ ಸಾಲಿನಲ್ಲಿ ಕೂತ ಅಜ್ಜನಿಗೂ ಮುಟ್ಟುವಂತೆ, ಆಲಾಪ ಎಳೆದು, ಸ್ವರ ಸುತ್ತಿ ಹಾಡುತ್ತಾನೆ. ಶಿಳ್ಳೆ ಬೀಳುತ್ತದೆ, “ಒನ್ಸ್ ಮೋರ್” ಎಂದು ಕೂಗು ಏಳುತ್ತದೆ, ಯಾರೋ ಬಂದು ಎದೆಗೆ ನೋಟು ಸಿಕ್ಕಿಸಿ ಹೋಗುತ್ತಾರೆ. ಒಳ್ಳೆಯ ಪಾತ್ರಧಾರಿಯಾದರೆ ಎರಡನೆಯ ಸಲ ಹಾಗೆ ಹಾಡುವುದಿಲ್ಲ. ಮೇಷ್ಟ್ರ ಕಡೆ ಒಮ್ಮೆ ನೋಡುತ್ತಾನೆ, ಹಾರ್ಮೋನಿಯಂ ದನಿ ಇಳಿಯುತ್ತದೆ. ಜನರ ಕಡೆಯಿಂದ ಕುಂತಿಯ ಕಡೆಗೆ ಅರ್ಧ ತಿರುಗಿ ಅದೇ ಪದ್ಯವನ್ನು ಮಧ್ಯಮ ಸ್ಥಾಯಿಯಲ್ಲಿ, ಸುತ್ತು ಬಳಸಿಲ್ಲದೆ, ‘ತಾಯಿ’ ಎನ್ನುವ ಕಡೆ ಸ್ವರ ಅಲುಗಿಸದೆ ನಿಲ್ಲಿಸಿ ಹಾಡುತ್ತಾನೆ. ಪದ ಅದೇ, ರಾಗ ಅದೇ. ಮೊದಲನೆಯದು ಕಛೇರಿ, ಎರಡನೆಯದು ಕರ್ಣ. ಮುಂದೆ ಚಾಪೆ ಹಾಸಿ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಎರಡನೆಯ ಸಲವೇ. ಕೈ ಎಷ್ಟು ಆಡಿತು, ಹುಬ್ಬು ಎಷ್ಟು ಏರಿತು ಎಂದು ಅವರು ನೋಡುತ್ತಿರುವುದಿಲ್ಲ. ದನಿ ಎಲ್ಲಿ ತಡೆಯಿತು, ಎಲ್ಲಿ ಬಿಟ್ಟಿತು ಎಂಬುದನ್ನು ಕೇಳುತ್ತಿರುತ್ತಾರೆ.

ಬಿ. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಗಾಗಿ ‘ಕುರುಕ್ಷೇತ್ರ’ ಬರೆದುಕೊಟ್ಟ ಕಾಲದ ಶಾಲೆಯೇ ಹೊನ್ನಪ್ಪನವರ ಶಾಲೆ. ಅವರು ಸಿನಿಮಾಕ್ಕೆ ತಂದದ್ದು ಈ ವಿದ್ಯೆಯನ್ನು. ಅದನ್ನು ವಿದ್ಯೆಯೆಂದು ಒಪ್ಪದೆ, ನಟನೆ ಬಾರದವನು ಮರೆಗೆ ಹಿಡಿದ ಪರದೆ ಎಂಬಂತೆ ಮಾತಾಡುವುದು ನಮ್ಮ ವೃತ್ತಿರಂಗಭೂಮಿಗೇ ಮಾಡುವ ಅನ್ಯಾಯ.

ದೇಹ ಬಿಗಿಯಾಗಿತ್ತು, ನಿಂತಲ್ಲೇ ನಿಂತು ಹಾಡುತ್ತಿದ್ದರು ಎಂಬ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಟಾಕಿಯ ಮೊದಲ ವರ್ಷಗಳಲ್ಲಿ ಚಿತ್ರೀಕರಣದ ಹೊತ್ತಿನಲ್ಲೇ ಹಾಡು ಮುದ್ರಿಸಬೇಕಿತ್ತು. ಮೈಕು ಒಂದು ಕಡೆ ನೆಟ್ಟಿರುತ್ತಿತ್ತು, ವಾದ್ಯದವರು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕೂರುತ್ತಿದ್ದರು. ಮೈಕಿನಿಂದ ದೂರ ಸರಿದರೆ ದನಿ ಹೋಗುತ್ತಿತ್ತು. ಹೊನ್ನಪ್ಪನವರ ಉಚ್ಛ್ರಾಯದ ಹೊತ್ತಿಗೆ ಹಾಡನ್ನು ಮೊದಲೇ ಮುದ್ರಿಸಿಕೊಳ್ಳುವ ಅನುಕೂಲ ಬಂದಿತ್ತು, ಆದ್ದರಿಂದ ಎಲ್ಲ ಬಿಗಿತವನ್ನೂ ಮೈಕಿನ ತಲೆಗೆ ಕಟ್ಟಲಾಗದು. ಆದರೂ ಆ ಮೊದಲ ವರ್ಷಗಳಲ್ಲಿ ರೂಢಿಯಾದ ನಿಲುವು, ಕ್ಯಾಮೆರಾ ಇಡುವ ಜಾಗ, ಶಾಟಿನ ಉದ್ದ, ಇವು ಇಡೀ ದಶಕ ಬದಲಾಗಲಿಲ್ಲ. ಆ ಕಾಲದ ಕ್ಯಾಮೆರಾ ಹಾಡುವವರ ಮುಖದ ಹತ್ತಿರ ಹೋಗಲು ಹಿಂಜರಿಯಿತು. ದೂರದಿಂದ ತೆಗೆದ ಚಿತ್ರದಲ್ಲಿ ಗಂಟಲ ನರ ಕಾಣುವುದಿಲ್ಲ. ಕಾಣದ್ದನ್ನು ಇಲ್ಲವೆಂದು ಬರೆದುಕೊಂಡೆವು.

ಇದು ಕನ್ನಡದ ಒಬ್ಬರ ಕಥೆಯಷ್ಟೇ ಅಲ್ಲ. ಅಮೆರಿಕದ ಫ್ರಾಂಕ್ ಸಿನಾತ್ರ 1940ರ ದಶಕದಲ್ಲಿ ಹದಿಹರೆಯದ ಹುಡುಗಿಯರು ಮೂರ್ಛೆ ಹೋಗುವಷ್ಟು ಹುಚ್ಚು ಹಿಡಿಸಿದ ಹಾಡುಗಾರ. ಸಿನಿಮಾಗಳಲ್ಲೂ ಹಾಡಿದ, ಆದರೆ ಅವನನ್ನು ನಟನೆಂದು ಯಾರೂ ಗಂಭೀರವಾಗಿ ಎಣಿಸಲಿಲ್ಲ. 1953ರ ‘ಫ್ರಂ ಹಿಯರ್ ಟು ಎಟರ್ನಿಟಿ’ಯಲ್ಲಿ ಒಂದು ಹಾಡೂ ಹಾಡದೆ ಸೈನಿಕನ ಪಾತ್ರ ಮಾಡಿದ ಮೇಲೆ ಆಸ್ಕರ್ ಕೊಟ್ಟು ನಟನೆಂದು ಒಪ್ಪಿದರು. ಹಾಡುಗಾರ ನಟನಾಗಬೇಕಾದರೆ ಮೊದಲು ಬಾಯಿ ಮುಚ್ಚಬೇಕು ಎಂಬ ಷರತ್ತು ಅಲ್ಲೂ ಇತ್ತು. ನಮ್ಮ ದೇಶದಲ್ಲಿ ಕೆ.ಎಲ್. ಸೈಗಲ್ ಒಬ್ಬರಿಗೆ ಮಾತ್ರ ಆ ಷರತ್ತಿನಿಂದ ವಿನಾಯಿತಿ ಸಿಕ್ಕಿತು. 1935ರ ಹಿಂದಿ ‘ದೇವದಾಸ್’ನಲ್ಲಿ ಅವರು ಮೈಕಿಗೆ ಹತ್ತಿರ ಬಂದು ಮಾತಿನಷ್ಟೇ ಮೆಲ್ಲಗೆ ಹಾಡಿದರು. ಹಾಡು ಮಾತಿಗೆ ಹತ್ತಿರವಾದದ್ದರಿಂದ ವಿಮರ್ಶಕರು ಅದನ್ನು ನಟನೆಯೆಂದು ಗುರುತಿಸಿದರು. ಕರ್ನಾಟಕ ಸಂಗೀತದ ದಾರಿಯಲ್ಲಿ ಬಂದವರು ಭಾವವನ್ನು ಸ್ವರದ ನಡಿಗೆಯಲ್ಲಿ ತೋರಿಸಿದರು. ಅದು ಇನ್ನೊಂದು ಕ್ರಮ, ಕೆಳಗಿನ ಮೆಟ್ಟಿಲಲ್ಲ.

ಇನ್ನು ಮೂರನೆಯ ಮಾತು. ರಾಜ್‌ಕುಮಾರ್ ಬಂದರು, ಹೊನ್ನಪ್ಪನವರು ಹೋದರು.

1953ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಗುಣಸಾಗರಿ’ಯ ನಾಯಕ ಹೊನ್ನಪ್ಪ ಭಾಗವತರು. ಮರುವರ್ಷ ಅದೇ ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ದ ನಾಯಕ ರಾಜ್‌ಕುಮಾರ್. ಒಬ್ಬರಿಗೆ 39, ಇನ್ನೊಬ್ಬರಿಗೆ 25. ನಿರ್ಮಾಪಕರು ಎಳೆಯ ಮುಖದ ಕಡೆ ತಿರುಗುವುದು ಯಾವ ಕಾಲದಲ್ಲೂ ನಡೆಯುವಂಥದ್ದು. ಇಲ್ಲಿಯವರೆಗೆ ತಕರಾರಿಲ್ಲ. ತಮಿಳಿನಲ್ಲಿ ಅಷ್ಟು ಹೊತ್ತಿಗೆ ಗಾಳಿಯೇ ಬೇರೆಯಾಗಿತ್ತು. ಅಣ್ಣಾದುರೈ ಅವರ ‘ವೇಲೈಕ್ಕಾರಿ’ 1949ರಲ್ಲಿ, ಕರುಣಾನಿಧಿ ಬರೆದು ಶಿವಾಜಿ ಗಣೇಶನ್ ನಟಿಸಿದ ‘ಪರಾಶಕ್ತಿ’ 1952ರಲ್ಲಿ ಬಂದು, ಪ್ರೇಕ್ಷಕರನ್ನು ಹಾಡಿನಿಂದ ಪ್ರಾಸಬದ್ಧ ಮಾತಿನ ಕಡೆಗೆ ತಿರುಗಿಸಿದವು. ಜೈಲಿನಿಂದ ಬಂದ ತ್ಯಾಗರಾಜ ಭಾಗವತರಂಥವರೇ ಆ ಹೊಡೆತದಿಂದ ಚೇತರಿಸಿಕೊಳ್ಳಲಿಲ್ಲ. ಮಾತೃಭಾಷೆಯಲ್ಲದ ತಮಿಳಿನಲ್ಲಿ ಹಾಡನ್ನೇ ಆಸ್ತಿಯಾಗಿಟ್ಟುಕೊಂಡಿದ್ದ ಹೊನ್ನಪ್ಪನವರು ಅಲ್ಲಿ ಹಿಂದೆ ಸರಿದದ್ದಕ್ಕೆ ಅವರ ಯೋಗ್ಯತೆಯ ಕೊರತೆ ಕಾರಣವಾಗಿರಬೇಕಿಲ್ಲ.

ಕನ್ನಡದಲ್ಲಿ ಅವರು ಮಾಡಿದ ಪಾತ್ರಗಳನ್ನೂ ಮುಂದೆ ರಾಜ್‌ಕುಮಾರ್ ಮಾಡಿದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1949ರಲ್ಲಿ ಹೊನ್ನಪ್ಪನವರ ‘ಭಕ್ತ ಕುಂಬಾರ’, 1974ರಲ್ಲಿ ರಾಜ್ ಅವರ ‘ಭಕ್ತ ಕುಂಬಾರ’. 1955ರಲ್ಲಿ ಹೊನ್ನಪ್ಪನವರು ತಾವೇ ನಿರ್ಮಿಸಿ ನಟಿಸಿದ ‘ಮಹಾಕವಿ ಕಾಳಿದಾಸ’, 1983ರಲ್ಲಿ ರಾಜ್ ಅವರ ‘ಕವಿರತ್ನ ಕಾಳಿದಾಸ’. ಗೋರಾ ಕುಂಬಾರನೂ ಕಾಳಿದಾಸನೂ ಹಾಡದೆ ಇರಲಾರದ ಪಾತ್ರಗಳು. ಇವನ್ನು ಕನ್ನಡ ಪರದೆಯ ಮೇಲೆ ಹಾಡುವ ನಾಯಕನ ಪಾತ್ರಗಳಾಗಿ ಮೊದಲು ನಿಲ್ಲಿಸಿದವರು ಹೊನ್ನಪ್ಪನವರು.

ಇಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿಯಿದೆ. ರಾಜ್‌ಕುಮಾರ್ ಕೂಡ ಕಂಪನಿ ನಾಟಕದಲ್ಲಿ ಹಾಡಿ ಬೆಳೆದವರೇ. 1956ರ ‘ಓಹಿಲೇಶ್ವರ’ದಲ್ಲಿ ಹಾಡಿಯೂ ಹಾಡಿದರು. ಆದರೆ ಬಹುಕಾಲ ಅವರ ಪರದೆಯ ಕಂಠ ಪಿ.ಬಿ. ಶ್ರೀನಿವಾಸ್. ಆ ಜೋಡಿ ಕನ್ನಡಕ್ಕೆ ಕೊಟ್ಟದ್ದು ದೊಡ್ಡದು, ‘ಭಕ್ತ ಕನಕದಾಸ’ ಒಂದೇ ಸಾಕು ಅದನ್ನು ಹೇಳಲು. 1974ರ ‘ಸಂಪತ್ತಿಗೆ ಸವಾಲ್’ನಿಂದ ರಾಜ್ ತಮ್ಮ ಹಾಡನ್ನು ತಾವೇ ಹಾಡತೊಡಗಿದರು. ಆಗ ನಾಡು ಏನೆಂದಿತು? ಪಾತ್ರಕ್ಕೆ ಜೀವ ಬಂತು, ನಟನೆಗೆ ಇನ್ನೊಂದು ಕೈ ಸೇರಿತು ಎಂದಿತು. ಸರಿಯಾಗಿಯೇ ಹೇಳಿತು. ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ನಟಸಾರ್ವಭೌಮನ ಇನ್ನೊಂದು ಮುಖವೆಂದು ಕೊಂಡಾಡಿತು. ರಾಜ್ ಅವರಲ್ಲಿ ನಟನೆಯನ್ನು ಪೂರ್ಣ ಮಾಡಿದ ಗುಣವೇ ಹೊನ್ನಪ್ಪನವರಲ್ಲಿ ನಟನೆಯ ಕೊರತೆಗೆ ಸಾಕ್ಷಿಯಾಗುವುದು ಹೇಗೆ? ರಾಜ್ ಅವರ ಮಗ ಪುನೀತ್ ಬಾಲಕನಾಗಿ ‘ಭಾಗ್ಯವಂತ’ದಲ್ಲಿ, ‘ಚಲಿಸುವ ಮೋಡಗಳು’ ಚಿತ್ರದಲ್ಲಿ ತಾನೇ ಹಾಡಿದ್ದನ್ನು ಇಂದಿಗೂ ಕಣ್ತುಂಬಿ ಕೇಳುತ್ತೇವೆ. ಆ ಎಳೆಯ ದನಿ ಆ ಮುಖದಿಂದ ಬಂದದ್ದಕ್ಕೇ ಅಷ್ಟು ನಾಟಿತು. ಒಬ್ಬರಿಗೊಂದು ಅಳತೆ, ಇನ್ನೊಬ್ಬರಿಗೊಂದು ಅಳತೆ ಸಲ್ಲದು.

ರಾಜ್‌ಕುಮಾರ್ ಅವರ ಗಾತ್ರವನ್ನು ಕುಗ್ಗಿಸಲು ಇದನ್ನು ಹೇಳುತ್ತಿಲ್ಲ. ಅವರ ಮಾತು, ನಿಲುವು, ಕನ್ನಡದ ಮೇಲಿನ ಹಿಡಿತಕ್ಕೆ ಸಾಟಿಯಿಲ್ಲ, ಗದ್ಯ ಸಂಭಾಷಣೆಯಲ್ಲಿ ಹೊನ್ನಪ್ಪನವರು ಅವರ ಹತ್ತಿರಕ್ಕೂ ಬರುವುದಿಲ್ಲ. ನನ್ನ ತಕರಾರು ರಾಜ್ ಅವರೊಂದಿಗಲ್ಲ, 1954ಕ್ಕೆ ಗೆರೆ ಎಳೆದು ಅದರ ಹಿಂದಿನದನ್ನೆಲ್ಲ ಪೀಠಿಕೆ ಮಾಡಿದವರೊಂದಿಗೆ.

ಆ ಪೀಠಿಕೆಯಲ್ಲಿ ಕಾಣದೆ ಹೋದ ಇನ್ನೊಂದು ಕೆಲಸವೂ ಇದೆ. ಹಾಡಿ ಗಳಿಸಿದ್ದನ್ನು ಹೊನ್ನಪ್ಪನವರು ಕನ್ನಡ ಚಿತ್ರಕ್ಕೇ ಸುರಿದರು. ಸ್ವಂತ ನಾಟಕ ಮಂಡಳಿ ಕಟ್ಟಿದರು, ಕನ್ನಡ ಚಿತ್ರ ನಿರ್ಮಾಣಕ್ಕೆ ಇಳಿದರು. ಕು.ರಾ. ಸೀತಾರಾಮಶಾಸ್ತ್ರಿ ನಿರ್ದೇಶಿಸಿದ ‘ಮಹಾಕವಿ ಕಾಳಿದಾಸ’ಕ್ಕೆ ರಾಷ್ಟ್ರಪ್ರಶಸ್ತಿಯ ಮನ್ನಣೆ ಬಂತು. ಅದರ ನಾಯಕಿ ಹದಿನೇಳರ ಹರೆಯದ ಹೊಸ ಹುಡುಗಿ, ಬಿ. ಸರೋಜಾದೇವಿ. ಮೂರೇ ವರ್ಷದಲ್ಲಿ, 1958ರ ‘ನಾಡೋಡಿ ಮನ್ನನ್’ನಲ್ಲಿ, ಆಕೆ ಎಂ.ಜಿ.ಆರ್. ಜೋಡಿಯಾಗಿ ನಿಂತರು. 2025ರ ಜುಲೈನಲ್ಲಿ ಅವರು ತೀರಿಕೊಂಡಾಗ ನಾಲ್ಕು ಭಾಷೆಯ ಪತ್ರಿಕೆಗಳು ಕಂಬನಿ ಮಿಡಿದವು. ಮೊದಲ ಅವಕಾಶ ಕೊಟ್ಟ ನಿರ್ಮಾಪಕರ ಹೆಸರು ಹೆಚ್ಚಿನ ಬರಹಗಳಲ್ಲಿ ಅರ್ಧ ವಾಕ್ಯದಲ್ಲಿ ಮುಗಿಯಿತು. ವೇದಿಕೆಯ ಹಾಡುಗಾರನೊಬ್ಬ ಮದ್ರಾಸಿನ ಹಣದಿಂದ ಕನ್ನಡ ಸಿನಿಮಾಕ್ಕೆ ಹೆಗಲು ಕೊಟ್ಟದ್ದು ಅರ್ಧ ವಾಕ್ಯದ ಸಂಗತಿಯಲ್ಲ.

ಇದೆಲ್ಲ ಹಳೆಯ ಕಥೆ, ಈಗೇಕೆ ಎನ್ನುವವರಿದ್ದಾರೆ. ಆ ಅಭಿಪ್ರಾಯ ಹಳೆಯದಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನರಸಾಪುರದ ಹೆದ್ದಾರಿ ಬದಿಯಲ್ಲಿ ಶಿಫ್ಟು ಬಸ್ಸಿಗೆ ಕಾಯುವ ಹುಡುಗ ಹುಡುಗಿಯರ ಕಿವಿಯಲ್ಲಿ ಈಗ ಕನ್ನಡ ರ‍್ಯಾಪ್ ಇರುತ್ತದೆ. ಅವರ ಕಾಲದ ಆರಾಧ್ಯರು ಆಲ್ಬಂ ಹಾಡಿನಿಂದ ಹೆಸರಾದವರು. ಚಂದನ್ ಶೆಟ್ಟಿ ಅವರಲ್ಲೊಬ್ಬರು, 2024ರಲ್ಲಿ ‘ಎಲ್ರ ಕಾಲೆಳೆಯುತ್ತೆ ಕಾಲ’ ಚಿತ್ರದ ನಾಯಕರಾದರು. ಇಂಥ ಸುದ್ದಿ ಬಂದ ಕೂಡಲೇ, ಚಿತ್ರ ನೋಡುವ ಮೊದಲೇ, “ಹಾಡ್ಕೊಂಡಿರೋದು ಬಿಟ್ಟು ಆಕ್ಟಿಂಗ್ ಯಾಕೆ” ಎಂಬ ಮಾತು ಹೊರಡುತ್ತದೆ. ಆ ಚಿತ್ರಗಳು ಚೆನ್ನಾಗಿವೆಯೋ ಇಲ್ಲವೋ ಬೇರೆ ಚರ್ಚೆ. ರ‍್ಯಾಪ್ ಮಾಡುವವನಿಗೆ ಉಸಿರಿನ ಲೆಕ್ಕ, ಮಾತಿನ ಒತ್ತು, ಎದುರಿನ ಗುಂಪನ್ನು ಹಿಡಿದಿಡುವ ಬಗೆ ಗೊತ್ತಿರುತ್ತದೆ. ಇವು ನಟನ ಸಲಕರಣೆಗಳೇ. ನಿರ್ದೇಶಕರು ಅವನ್ನು ಬಳಸದೆ, ಅವನ ಕೈಗೆ ಎಲ್ಲ ನಾಯಕರಿಗೂ ಕೊಡುವ ಫೈಟು, ಅದೇ ಪಂಚ್ ಡೈಲಾಗು ಕೊಟ್ಟು, ಆಮೇಲೆ ನಟನೆ ಬರಲಿಲ್ಲ ಎಂದರೆ ತಪ್ಪು ಯಾರದು? ಎಲ್ವಿಸ್ ಪ್ರೆಸ್ಲಿಗೂ ಹಾಲಿವುಡ್ ಮಾಡಿದ್ದು ಇದನ್ನೇ. 1956ರಿಂದ 1969ರವರೆಗೆ ಮೂವತ್ತೊಂದು ಚಿತ್ರ, ಬಹುಪಾಲು ಒಂದೇ ಅಚ್ಚು.

1954ರ ಗೆರೆಯ ವಿಷಯಕ್ಕೆ ಒಂದು ಸಂಗತಿ ಸೇರಿಸಿ ನಿಲ್ಲಿಸುತ್ತೇನೆ. ‘ಬೇಡರ ಕಣ್ಣಪ್ಪ’ ಬಂದು ಐದು ವರ್ಷವಾದ ಮೇಲೆ, 1959ರಲ್ಲಿ, ಟಿ.ವಿ. ಸಿಂಗ್ ಠಾಕೂರ್ ‘ಜಗಜ್ಯೋತಿ ಬಸವೇಶ್ವರ’ ನಿರ್ದೇಶಿಸಿದರು. ತಾರಾಗಣದಲ್ಲಿ ರಾಜ್‌ಕುಮಾರ್ ಇದ್ದರು. ಬಸವಣ್ಣನ ಪಾತ್ರ ಮಾಡಿದವರು ಮಾತ್ರ ಹೊನ್ನಪ್ಪ ಭಾಗವತರು, ಆಗ ಅವರಿಗೆ ನಲವತ್ತನಾಲ್ಕು. ಬಸವಣ್ಣನಂಥ ಪಾತ್ರವನ್ನು ಒಪ್ಪಿಸುವಾಗ ಆ ಚಿತ್ರ ಮಾಡಿದವರಿಗೆ ಅವರು ಹಿಂದಿನ ಕಾಲದವರೆಂದು ಅನಿಸಲಿಲ್ಲ, ಬರೀ ಹಾಡುಗಾರರೆಂದೂ ಅನಿಸಲಿಲ್ಲ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅವರು ನಟರಲ್ಲವೆಂದು ತೀರ್ಮಾನಿಸಿದ್ದು ಅವರ ಜೊತೆ ಕೆಲಸ ಮಾಡಿದವರಲ್ಲ, ಆಮೇಲೆ ಬಂದು ಬರೆದ ನಾವು.